ಗೊತ್ತಿಲ್ಲದ್ದನ್ನು ಬಿಟ್ಟುಬಿಡು

ಔಷಧಿ ಅಂಗಡಿಯವನಿಗೆ ಊಹೆ ಎಂದರೆ ಆಗುತ್ತಿರಲಿಲ್ಲ. ಡಾಕ್ಟರು ಕೋಳಿ ಕೆದಕಿದಂತೆ ಗೀಚಿದ ಚೀಟಿ ಬಂದರೆ ಬೇರೆ ಅಂಗಡಿಯವರು ತಲೆ ಕೆರೆದುಕೊಂಡು ಏನೋ ಒಂದು ಕೊಟ್ಟು ಕಳಿಸುತ್ತಾರೆ. ಇವನು ಮಾತ್ರ ಚೀಟಿಯನ್ನು ಹಿಂದಕ್ಕೆ ತಳ್ಳಿ, "ಹೋಗಿ ಸರಿಯಾಗಿ ಬರೆಸ್ಕೊಂಡು ಬನ್ನಿ" ಎನ್ನುತ್ತಿದ್ದ. ಜ್ವರದಲ್ಲಿ ನಡುಗುತ್ತಿದ್ದವರನ್ನೂ ಹಾಗೆ ವಾಪಸ್ಸು ಅಟ್ಟಿದ್ದಾನೆ. ಕೆಲಸ ಕಲಿಯುತ್ತಿದ್ದ ಕಾಲದಲ್ಲಿ ಅವನ ಯಜಮಾನ ಒಂದು ಹೆಸರನ್ನು ಇನ್ನೊಂದೆಂದು ಓದಿ ಕೊಟ್ಟ ಮಾತ್ರೆಯಿಂದ ಒಬ್ಬ ಹೆಂಗಸು ಸತ್ತಿದ್ದಳು. ಹಾಗಾಗಿ ಅಂಗಡಿಯ ಮಟ್ಟಿಗೆ ಅವನು ಮಾಡುತ್ತಿದ್ದುದು ನೂರಕ್ಕೆ ನೂರು ಸರಿ. ತಾಪತ್ರಯವೇನೆಂದರೆ, ಈ ಮನುಷ್ಯ ಸಂಜೆ ಶಟರ್ ಎಳೆದು ಬೀಗ ಹಾಕಿದ ಮೇಲೂ ಅಂಗಡಿಯನ್ನು ತಲೆಯ ಮೇಲೆ ಹೊತ್ತುಕೊಂಡೇ ಮನೆಗೆ ಬರುತ್ತಿದ್ದ.

ಅವನಿಗೆ ಇಬ್ಬರು ಹೆಣ್ಣುಮಕ್ಕಳು. ಊರಲ್ಲಿ ಎಲ್ಲರೂ 'ದೊಡ್ಡ ಶಾಲೆ' ಎಂದು ಕರೆಯುವ ಶಾಲೆಗೆ ಅವರನ್ನು ಸೇರಿಸಬೇಕೆಂಬುದು ಅವನ ಒಂದೇ ಆಸೆ. ಆ ಶಾಲೆಯ ಪ್ರವೇಶ ಪರೀಕ್ಷೆಯನ್ನು ಒಂದು ಮಗು ಒಂದೇ ಸಲ ಬರೆಯಬಹುದು. ಪ್ರತಿ ಪ್ರಶ್ನೆಗೂ ನಾಲ್ಕು ಉತ್ತರ ಕೊಟ್ಟಿರುತ್ತಾರೆ, ಸರಿಯಾದದ್ದಕ್ಕೆ ಗುರುತು ಹಾಕಬೇಕು. ಸೀಟು ಸಿಕ್ಕರೆ ಸಿಕ್ಕಿತು, ಇಲ್ಲವಾದರೆ ಗೋವಿಂದ.

ದೊಡ್ಡ ಮಗಳಿಗೆ ತಾನೇ ಕೂತು ಪಾಠ ಹೇಳಿದ. ಪರೀಕ್ಷೆಯ ಹಿಂದಿನ ದಿನ ಎದುರಿಗೆ ನಿಲ್ಲಿಸಿಕೊಂಡು, "ಗೊತ್ತಿದ್ರೆ ಗುರುತು ಹಾಕು. ಗೊತ್ತಿಲ್ದಿದ್ರೆ ಬಿಟ್ಬಿಡು. ಸುಮ್ನೆ ಯಾವುದೋ ಒಂದಕ್ಕೆ ಹಾಕಿದೀಯ ಅಂತ ಗೊತ್ತಾದ್ರೆ ಕೈ ಮುರೀತೀನಿ" ಎಂದ. ಅವಳು ತಲೆಯಾಡಿಸಿದಳು. ಮಾರನೆಯ ದಿನ ಪರೀಕ್ಷೆ ಮುಗಿಸಿ ಬಂದವಳೇ, ಎಷ್ಟೆಷ್ಟು ಬಿಟ್ಟೆನೆಂದು ಒಂದನ್ನೂ ಮುಚ್ಚಿಡದೆ ಹೇಳಿದಳು. ಸೀಟು ಸಿಗಲಿಲ್ಲ.

ಫಲಿತಾಂಶ ಬಂದ ಸಂಜೆ ಅವನು ಅವಳಿಗೆ 'ಖಾಲಿ' ಎಂದು ಹೆಸರಿಟ್ಟ. "ಖಾಲಿ, ನೀರು ತಗೊಂಡು ಬಾ." "ಖಾಲಿ, ಆ ದೀಪ ಆರಿಸು." ಮೊದಲು ನೆಂಟರು ನಕ್ಕರು, ಆಮೇಲೆ ಅವರೂ ಹಾಗೇ ಕರೆಯತೊಡಗಿದರು. ಅವಳು ಪಕ್ಕದ ಬೀದಿಯ ಶಾಲೆಗೆ ಸೇರಿದಳು. ಸಂಜೆ ಅಂಗಡಿಯಲ್ಲಿ ಅಪ್ಪನ ಪಕ್ಕ ಕೂತು ಮಾತ್ರೆಯ ಪೊಟ್ಟಣಗಳ ಮೇಲೆ ಬೆಳಿಗ್ಗೆ ಎಷ್ಟು, ರಾತ್ರಿ ಎಷ್ಟು ಎಂದು ಬರೆಯುತ್ತಿದ್ದಳು. ಒಂದೇ ಒಂದು ದಿನವೂ ತಪ್ಪು ಬರೆದವಳಲ್ಲ. "ಇದಕ್ಕಾದ್ರೂ ಉಪಯೋಗಕ್ಕೆ ಬಂದ್ಲಲ್ಲ" ಎನ್ನುತ್ತಿದ್ದ ಅವನು.

ಎರಡು ವರ್ಷದ ಮೇಲೆ ಚಿಕ್ಕವಳ ಸರದಿ ಬಂತು. ಅಷ್ಟು ಹೊತ್ತಿಗೆ ಅಂಗಡಿಯ ವ್ಯಾಪಾರ ಹೆಚ್ಚಿ ಅವನಿಗೆ ಪುರುಸೊತ್ತಿರಲಿಲ್ಲ. ತಂಗಿಗೆ ಕಲಿಸುವ ಕೆಲಸವನ್ನು ದೊಡ್ಡವಳ ತಲೆಗೆ ಕಟ್ಟಿದ. "ನಾನು ನಿಂಗೆ ಏನು ಹೇಳಿದ್ನೋ ಅದನ್ನೇ ಅವಳಿಗೂ ಹೇಳು. ನಿನ್ನ ಹಾಗೆ ಮಾತ್ರ ಆಗೋದು ಬೇಡ" ಎಂದ. ಒಂದೇ ಉಸಿರಿನಲ್ಲಿ ಈ ಎರಡನ್ನೂ ಹೇಳಲು ಅವನಂಥವನೇ ಬೇಕು.

ಚಿಕ್ಕವಳಿಗೆ ಸೀಟು ಸಿಕ್ಕಿತು. ಅವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಕೆಮ್ಮಿನ ಔಷಧಿಗೆ ಬಂದವರಿಗೂ ಸುದ್ದಿ ಹೇಳದೆ ಬಿಡುತ್ತಿರಲಿಲ್ಲ. "ಒಂದೇ ಹೊಟ್ಟೇಲಿ ಹುಟ್ಟಿದ್ದು ನೋಡಿ. ಒಂದರ ತಲೆ ತುಂಬಿದೆ, ಇನ್ನೊಂದರದ್ದು ಖಾಲಿ" ಎಂದು ಪಕ್ಕಕ್ಕೆ ಕೈ ತೋರಿಸುತ್ತಿದ್ದ. ಪಕ್ಕದಲ್ಲಿ ಅವಳು ತಲೆ ತಗ್ಗಿಸಿ, ಬೆಳಿಗ್ಗೆ ಒಂದು, ರಾತ್ರಿ ಒಂದು ಎಂದು ಬರೆಯುತ್ತಲೇ ಇರುತ್ತಿದ್ದಳು.

ಶಾಲೆ ತೆರೆಯುವ ಮುಂಚೆ ಹೊಸ ಮಕ್ಕಳ ತಂದೆತಾಯಿಯರನ್ನು ಕರೆದಿದ್ದರು. ಹೆಂಡತಿಯನ್ನು ಮನೆಯಲ್ಲೇ ಬಿಟ್ಟು, ಚಿಕ್ಕವಳ ಕೈ ಹಿಡಿದುಕೊಂಡು ಅವನೇ ಹೋದ. ಪ್ರವೇಶ ಪರೀಕ್ಷೆ ನೋಡಿಕೊಳ್ಳುವ ಮೇಡಮ್ ಅರ್ಜಿಯಲ್ಲಿದ್ದ ವಿಳಾಸ ನೋಡಿ ತಲೆಯೆತ್ತಿದರು.

"ಇವಳ ಅಕ್ಕ ಕೂಡ ಬರೆದಿದ್ದಳಲ್ವಾ? ಆ ಹುಡುಗಿಯನ್ನ ನಾವು ಮರೆತಿಲ್ಲ. ಗುರುತು ಹಾಕಿದ್ದರಲ್ಲಿ ಒಂದೂ ತಪ್ಪಿರಲಿಲ್ಲ. ಆದ್ರೆ ಅಷ್ಟೊಂದು ಖಾಲಿ ಬಿಟ್ಟಿದ್ದಳು. ನಾವು ತಪ್ಪು ಉತ್ತರಕ್ಕೆ ಅಂಕ ಕಳೆಯೋದೇ ಇಲ್ಲ. ಕಣ್ಣು ಮುಚ್ಕೊಂಡು ಯಾವುದಕ್ಕಾದ್ರೂ ಹಾಕಿದ್ರೆ ಒಂದೆರಡು ಸರಿಯಾಗ್ತಿತ್ತು, ಅಷ್ಟೇ ಸಾಕಿತ್ತು. ಯಾಕೆ ಬಿಟ್ಟಳೋ, ಪಾಪ."

ಯಾಕೆ ಬಿಟ್ಟಳೆಂದು ಪ್ರಪಂಚದಲ್ಲಿ ಯಾರಿಗಾದರೂ ಗೊತ್ತಿದ್ದರೆ ಅದು ಅವನಿಗೇ. ಆದರೂ ಹೇಳಿದ: "ಅವಳು ಮೊದಲಿಂದ್ಲೂ ಸ್ವಲ್ಪ ಮಂಕು, ಮೇಡಮ್."

ದಾರಿಯಲ್ಲಿ ಚಿಕ್ಕವಳನ್ನು ಕೇಳಿದ, "ನೀನು ಎಲ್ಲಾ ಗೊತ್ತಿದ್ದೇ ಹಾಕಿದ್ಯಾ?"

"ಇಲ್ಲಪ್ಪ. ಗೊತ್ತಿಲ್ದೇ ಇರೋದಕ್ಕೆ ಯಾವುದೋ ಒಂದಕ್ಕೆ ಹಾಕ್ದೆ. ಅಕ್ಕ ಹಾಗೇ ಮಾಡು ಅಂದಿದ್ಲು. ಅಪ್ಪಂಗೆ ಹೇಳ್ಬೇಡ ಅಂತಾನೂ ಅಂದಿದ್ಲು."

ಸುಳ್ಳು ಯಾಕೆ ಹೇಳಬೇಕು, ಆ ಗಳಿಗೆಯಲ್ಲಿ ಅವನಿಗೆ ನಾಚಿಕೆಯಾಯಿತು. ಮನೆಗೆ ಹೋಗಿ ದೊಡ್ಡವಳ ತಲೆ ಸವರಿ, ತಪ್ಪು ನನ್ನದೇ ಮಗಳೇ ಅನ್ನಬೇಕೆಂದು ಹೊರಟ. ಆದರೆ ನಡೆಯುತ್ತ ನಡೆಯುತ್ತ ಆ ಮಾತು ಗಂಟಲಲ್ಲಿ ಕಡುಬಿನ ಹಾಗೆ ಸಿಕ್ಕಿಕೊಂಡಿತು. ಎರಡು ವರ್ಷ ಊರಿಗೆಲ್ಲ ಹೇಳಿಕೊಂಡು ಬಂದದ್ದನ್ನು ಈಗ ನುಂಗುವುದು ಹೇಗೆ? ಮನೆ ಮೆಟ್ಟಿಲು ಹತ್ತುವಷ್ಟರಲ್ಲಿ ನಾಚಿಕೆ ಹೋಗಿ ಅವನಿಗೆ ಅವಳ ಮೇಲೆ ಸಿಟ್ಟು ಬಂದಿತ್ತು.

ದೊಡ್ಡವಳು ನೆಲದ ಮೇಲೆ ಕೂತು ತಂಗಿಯ ಹೊಸ ಪುಸ್ತಕಗಳಿಗೆ ರಟ್ಟು ಹಾಕುತ್ತಿದ್ದಳು. ಹೆಂಡತಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು.

"ತಪ್ಪಿಗೆ ಅಂಕ ಕಳೆಯಲ್ಲ ಅಂತ ನಿಂಗೆ ಯಾವಾಗ ಗೊತ್ತಾಯ್ತು?" ಎಂದ.

"ನಾನು ಪರೀಕ್ಷೆ ಬರೆದ ದಿನಾನೇ. ಶುರುವಾಗೋಕೆ ಮುಂಚೆ ಮೇಡಮ್ ಎಲ್ಲರಿಗೂ ಹೇಳಿದ್ರು, ಏನೂ ಖಾಲಿ ಬಿಡ್ಬೇಡಿ ಅಂತ. ಕೊನೇಲಿ ನನ್ನ ಹತ್ರ ಬಂದು ಇನ್ನೊಂದ್ಸಲ ಹೇಳಿದ್ರು."

"ಮತ್ತೆ?"

"ನೀವು ಬೇಡ ಅಂದಿದ್ರಲ್ಲಪ್ಪ."

ಹೆಂಡತಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು. "ಇಷ್ಟು ದಿನ ಯಾಕೇ ಬಾಯಿ ಬಿಡ್ಲಿಲ್ಲ?"

"ಅಪ್ಪಂಗೆ ಬೇಜಾರಾಗತ್ತೆ ಅಂತ."

ಆ ಹುಡುಗಿ ಅಪ್ಪನ ಮುಖವನ್ನೇ ನೋಡುತ್ತಿದ್ದಳು. ಏನೋ ಒಂದು ಒಳ್ಳೆಯ ಮಾತು ಬರುತ್ತದೆಂದು ಎರಡು ವರ್ಷದಿಂದ ಕಾದವಳ ನೋಟ ಅದು. ಅವನಿಗೂ ಅದು ಕಂಡಿತು.

"ನಾನೇನೋ ಹೇಳಿದೆ. ನಿಂಗೆ ಸ್ವಂತ ಬುದ್ಧಿ ಅನ್ನೋದು ಇರ್ಲಿಲ್ವಾ?" ಎಂದ.

ಅವಳು ಸ್ವಲ್ಪ ಹೊತ್ತು ಯೋಚಿಸಿದಳು.

"ಇರ್ಲಿಲ್ಲಪ್ಪ" ಎಂದಳು.

"ಹಾಗನ್ನು ಮತ್ತೆ. ನಾನೂ ಇಷ್ಟು ದಿನ ಅದನ್ನೇ ತಾನೆ ಹೇಳ್ತಾ ಬಂದಿದ್ದು" ಎಂದ ಅವನು. ಎದೆಯ ಮೇಲಿನ ಭಾರ ಇಳಿದ ಹಾಗಾಯಿತು. ಕೈತೊಳೆದುಕೊಂಡು ಊಟಕ್ಕೆ ಕೂತು, ಎಂದಿಗಿಂತ ಒಂದು ತುತ್ತು ಹೆಚ್ಚಾಗಿಯೇ ಉಂಡ.