ಬೀಟೆ ಮರದ ಹಿಡಿ

"ಕಣ್ಣು ಮುಚ್ಚಿ ಹಿಡೀರಿ ಅಣ್ಣ. ಕಣ್ಣು ಬಿಟ್ಟು ಆರಿಸಿದ್ರೆ ಎಲ್ಲವೂ ಚಂದವೇ ಕಾಣ್ತದೆ," ಎಂದ ಕೋವಿ ಅಂಗಡಿಯ ಪ್ರಜ್ಞೇಶ್.

ಮಡಿಕೇರಿಯ ಆ ಅಂಗಡಿಯ ಗಾಜಿನ ಮೇಜಿನ ಮೇಲೆ ಹಸಿರು ಬಟ್ಟೆ ಹಾಸಿ, ಪಿಸ್ತೂಲಿನ ಹಿಡಿಗೆ ಎರಡೂ ಬದಿಯಿಂದ ಕೂರಿಸುವ ಪಟ್ಟಿಗಳನ್ನು ಅವನು ಜೋಡಿ ಜೋಡಿಯಾಗಿ ಹರಡಿದ್ದ. ರಬ್ಬರಿನದು, ಕೋಣನ ಕೊಂಬಿನದು, ದಂತದ ಹಾಗೆ ಕಾಣುವ ಬಿಳಿಯದು, ಗೀರು ಗೀರಾಗಿ ಕೆತ್ತಿದ ಬೀಟೆ ಮರದ್ದು. ಕಾರ್ಖಾನೆಯಿಂದ ಬಂದಿದ್ದ ಕರಿ ಪ್ಲಾಸ್ಟಿಕ್ಕನ್ನು ಆಗಲೇ ಬಿಚ್ಚಿ ಪಕ್ಕಕ್ಕಿಟ್ಟಿದ್ದ. ಖಾಲಿ ಪಿಸ್ತೂಲಿಗೆ ಬಿಳಿಯ ಜೋಡಿಯನ್ನು ಸಡಿಲವಾಗಿ ತಿರುಪು ಹಾಕಿ ಕೊಟ್ಟ. ಅಶ್ವಥ್ ಕಣ್ಣು ಮುಚ್ಚಿ ಹಿಡಿದ. ಮುಚ್ಚಿದ ಕಣ್ಣಿನೊಳಗೂ ಅವನಿಗೆ ಬಿಳಿ ಬಣ್ಣವೇ ಕಾಣುತ್ತಿತ್ತು.

"ಹೆಂಗೈತೆ ರೇವಣ್ಣ?"

ಪಕ್ಕದಲ್ಲಿ ನಿಂತಿದ್ದ ರೇವಣ್ಣ ಮೂಗು ಮುರಿದ. "ಮುದುಕರ ಹಲ್ ಸೆಟ್ ಇದ್ದಂಗೈತೆ ಕಣ್ಲಾ. ನಿನ್ ಕೈ ಬೇರೆ ಬೆವರ್ತದೆ. ಕಬಡ್ಡಿ ಆಡುವಾಗ ಯಾರ್ನ ಹಿಡಿದ್ರೂ ಜಾರ್ಕೊಂಡ್ ಹೋಗೋರು. ಆ ಬೀಟೆದು ಹಾಕ್ಸು, ಗೀರೈತೆ, ಕಚ್ಕೊಂತದೆ."

ಪ್ರಜ್ಞೇಶ್ ನಕ್ಕು ಬೀಟೆಯ ಜೋಡಿ ಕೂರಿಸಿದ. ಹೌದು, ಅಂಗೈಗೆ ಅದೇ ಒಗ್ಗುತ್ತಿತ್ತು. ಬೆರಳು ತಾನಾಗಿ ಗುಂಡು ಹಾರಿಸುವ ಕುದುರೆಯವರೆಗೆ ಹೋಗಿ ನಿಂತಿತು. ಆದರೂ ಅಶ್ವಥನ ಕಣ್ಣು ಬಿಳಿಯದರ ಮೇಲೇ ಇತ್ತು. ಮದುವೆ ಮನೆಯಲ್ಲಿ ಊಟಕ್ಕೆ ಬಗ್ಗಿದಾಗ ಅಂಗಿ ಸ್ವಲ್ಪ ಮೇಲೆ ಸರಿದರೆ ಬೀಟೆ ಯಾರ ಕಣ್ಣಿಗೆ ಬೀಳಬೇಕು?

"ಪಿಸ್ತೂಲಿಗೆ ಲೈಸೆನ್ಸ್ ಸುಮ್ಮನೆ ಸಿಗಲ್ಲ ಮಾರಾಯ್ರೆ," ಎಂದ ಪ್ರಜ್ಞೇಶ್, ತಿರುಪು ಬಿಗಿಮಾಡುತ್ತ. "ಜೀವಭಯ ಉಂಟು ಅಂತ ಆಗಬೇಕು. ನಿಮಗೆ ಯಾರಿಂದ ಅಣ್ಣ?"

ಬೇರೆ ದಿನವಾಗಿದ್ದರೆ ರೇವಣ್ಣ ಎದೆ ತಟ್ಟಿಕೊಂಡು "ನನ್ನಿಂದ್ಲೇ!" ಎಂದು ಗಹಗಹಿಸುತ್ತಿದ್ದ. ಇವತ್ತು ಅವನು ಬೀದಿಯ ಕಡೆ ತಿರುಗಿ, ನಿಲ್ಲಿಸಿದ್ದ ಜೀಪನ್ನು ನೋಡತೊಡಗಿದ.

"ಇದಾರೆ ಬಿಡಿ, ಯಾರೋ," ಎಂದ ಅಶ್ವಥ್. ಹಾಗೆಂದ ಮೇಲೆ ಅವನ ಕಿವಿ ಬಿಸಿಯಾಯಿತು.

ಅಶ್ವಥನ ಅಪ್ಪ ಹಾಸನದ ಕಡೆಯಿಂದ ಬಂದು ಕುಶಾಲನಗರದ ಆಚೆ ಜಮೀನು ಕೊಂಡವರು. ಶುಂಠಿ ಕೈ ಹಿಡಿಯಿತು. ಮಗನ ಕಾಲಕ್ಕೆ ಮನೆ, ಜೀಪು, ನಾಲ್ಕು ಜನ ಎದ್ದು ನಿಲ್ಲುವ ಮರ್ಯಾದೆ ಎಲ್ಲ ಬಂತು. ಕೋವಿ ಮಾತ್ರ ಬರಲಿಲ್ಲ. ಕೊಡವ ಗೆಳೆಯರಿಗೆ ಅದು ಹುಟ್ಟಿನಿಂದಲೇ ಬಂದ ಹಕ್ಕು, ಲೈಸೆನ್ಸಿನ ಗೊಡವೆಯಿಲ್ಲ. ಕೈಲ್‌ಪೊದ್ ಎಂಬ ಆಯುಧಪೂಜೆಯ ಹಬ್ಬಕ್ಕೆ ಕರೆದರೆ ಇವನು ಹೂ ಮುಡಿಸಿಟ್ಟ ಕೋವಿಗಳಿಗೆ ಕೈ ಮುಗಿದು, ಕಡುಬು ತಿಂದು, ಅವರು ತೆಂಗಿನಕಾಯಿಗೆ ಗುಂಡು ಹೊಡೆಯುವುದನ್ನು ನೋಡಿಕೊಂಡು ಬರಬೇಕು. ಒಂದು ವರ್ಷ ಯಜಮಾನರೊಬ್ಬರು ಪ್ರೀತಿಯಿಂದಲೇ ಕೋವಿ ಕೊಟ್ಟು "ನೀವೂ ಒಂದು ಹೊಡೀರಿ" ಎಂದರು. ಇವನು ಅದನ್ನು ಗುದ್ದಲಿ ಹಿಡಿದ ಹಾಗೆ ಹಿಡಿದ. ನಕ್ಕವರಲ್ಲಿ ಯಾರಿಗೂ ಕೆಟ್ಟ ಮನಸ್ಸಿರಲಿಲ್ಲ. ಆ ನಗು ಮಾತ್ರ ಇವನೊಳಗೆ ಮುಳ್ಳಾಗಿ ಉಳಿಯಿತು. ಕೋವಿಯಲ್ಲ, ಅದಕ್ಕಿಂತ ಒಂದು ಕೈ ಮೇಲೆ, ಸೊಂಟಕ್ಕೆ ಸಿಕ್ಕಿಸುವ ಪಿಸ್ತೂಲೇ ಬೇಕು ಎಂದು ಹಟ ಹಿಡಿದ.

ಅದಕ್ಕೆ ಜೀವಭಯ ಇರಬೇಕು ಎಂದರು ವಕೀಲರು. ಊರಲ್ಲಿ ಅಶ್ವಥನಿಗೆ ಒಬ್ಬ ಶತ್ರುವೂ ಇರಲಿಲ್ಲ. ಇದು ಒಂದು ಕೊರತೆ ಎಂದು ಅವನಿಗೆ ಅನ್ನಿಸಿದ್ದು ಆಗಲೇ. ಅವನ ಒದ್ದಾಟ ನೋಡಲಾರದೆ ರೇವಣ್ಣ, "ಅಷ್ಟಕ್ಕೆ ಯಾಕ್ಲಾ ಮಕ ಇಳಿಸ್ಕೊಂಡಿದೀಯ? ನಾನೇ ಶತ್ರು ಆಯ್ತೀನಿ ಬುಡು," ಎಂದ. ಒಂದೇ ಬೆಂಚಿನಲ್ಲಿ ಓದಿದವನು, ಅಶ್ವಥನ ಜೀಪು ಓಡಿಸಿಕೊಂಡು, ಶುಂಠಿ ತೊಳೆಯುವ ಕೆಲಸ ನೋಡಿಕೊಂಡು ಇದ್ದವನು. ಒಂದು ಬೆಳಿಗ್ಗೆ ಶುಂಠಿ ತೊಟ್ಟಿಯ ಹತ್ತಿರ ಕೂಲಿಯವರೆಲ್ಲ ನೋಡುವ ಹಾಗೆ ಮಚ್ಚು ಎತ್ತಿ, "ಕಡ್ದಾಕ್ಬುಡ್ತೀನಿ" ಎಂದು ಅಬ್ಬರಿಸಿದ. ಎಷ್ಟು ಚೆನ್ನಾಗಿ ಅಬ್ಬರಿಸಿದನೆಂದರೆ ಬುತ್ತಿ ತಂದಿದ್ದ ಅವನ ಹೆಂಡತಿ ಸರೋಜ ಅಲ್ಲೇ ಕುಸಿದು ಕೂತಳು. ಅಶ್ವಥ್ ಠಾಣೆಗೆ ಹೋಗಿ ದೂರು ಕೊಟ್ಟ. ಸಂಜೆ ಇಬ್ಬರೂ ಬೋಂಡ ತಿನ್ನುತ್ತ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಪಿಸ್ತೂಲು ಬಂತು. ಅದರ ಹಿಂದೆಯೇ, ಪ್ರತಿ ಚುನಾವಣೆಗೆ, ಪ್ರತಿ ಗಣಪತಿ ಹಬ್ಬಕ್ಕೆ ರೇವಣ್ಣನನ್ನು ಠಾಣೆಗೆ ಕರೆಸಿ ದಿನವಿಡೀ ಬೆಂಚಿನ ಮೇಲೆ ಕೂರಿಸುವುದೂ ಬಂತು. ಅದಕ್ಕೂ ಅವನು ನಕ್ಕ. ಆದರೆ ಈಗ ಅವನ ಸೊಂಟ ಬಿದ್ದಿದೆ, ಶುಂಠಿ ಮೂಟೆ ಎತ್ತಲಾರ. ಒಂದು ಶಾಲೆಯವರು ವ್ಯಾನ್ ಓಡಿಸುವ ಕೆಲಸ ಕೊಡುತ್ತೇವೆ ಎಂದಿದ್ದಾರೆ. ಪೊಲೀಸರ ಒಪ್ಪಿಗೆ ಬೇಕು. ಇನ್ಸ್‌ಪೆಕ್ಟರು, "ಮಚ್ಚು ಎತ್ತಿದವನ ಕೈಗೆ ಮಕ್ಕಳನ್ನ ಕೊಡ್ತಾರೇನಯ್ಯ? ದೂರು ಕೊಟ್ಟವರೇ ಬಂದು ಏನೂ ಭಯ ಇಲ್ಲ ಅಂತ ಬಾಯಲ್ಲಿ ಹೇಳಲಿ" ಎಂದು ಕಳಿಸಿದ್ದರು. ರೇವಣ್ಣ ಅದನ್ನು ಹೇಳಿದಾಗ ಅಶ್ವಥ್ "ಹೋಗಾಣ ಬಿಡು" ಎಂದಿದ್ದ. ಆಮೇಲೆ ಇವತ್ತು ನಾಳೆ ಎಂದು ತಳ್ಳುತ್ತ ಬಂದ. ಕೊನೆಗೆ, ಮಡಿಕೇರಿಗೆ ಹಿಡಿ ಹಾಕಿಸಲು ಹೋಗುವುದಿದೆಯಲ್ಲ, ಬರುವಾಗ ಠಾಣೆಗೆ ಹೋಗಿಬಿಡೋಣ ಎಂದಿದ್ದ. ಮೊದಲು ಹಿಡಿ, ಆಮೇಲೆ ಠಾಣೆ. ಗೆಳೆಯನ ಹೊಟ್ಟೆಪಾಡನ್ನು ಹಿಂದಕ್ಕಿಟ್ಟು ಶೋಕಿಯನ್ನು ಮುಂದಿಟ್ಟದ್ದು ತನಗೆ ಗೊತ್ತಿರಲಿಲ್ಲ ಎಂದು ಅವನು ಹೇಳುವ ಹಾಗಿರಲಿಲ್ಲ.

"ಬೀಟೆದೇ ಇರಲಿ," ಎಂದ ಅಶ್ವಥ್. ರೇವಣ್ಣನ ಮಾತು ನಡೆಸಿಕೊಟ್ಟರೆ ಎದೆಯ ಭಾರ ಸ್ವಲ್ಪ ಇಳಿದೀತು ಎಂದುಕೊಂಡ. ಇಳಿಯಲಿಲ್ಲ.

ಇಳಿಜಾರಿನ ದಾರಿಯಲ್ಲಿ ರೇವಣ್ಣ ಎಂದಿನಂತೆ ಜೀಪು ಓಡಿಸಿದ. ಸುಂಟಿಕೊಪ್ಪ ದಾಟಿದ ಮೇಲೆ ರೇವಣ್ಣ ರಸ್ತೆ ನೋಡಿಕೊಂಡೇ ಹೇಳಿದ: "ನಂಗೂ ಗೊತ್ತು ಕಣ್ಲಾ. ಭಯ ಇಲ್ಲ ಅಂದ್ರೆ ಪಿಸ್ತೂಲ್ ಯಾಕೆ ಅಂತ ಕೇಳ್ತಾರೆ. ಕೇಳ್ದಿದ್ರೆ ಒಳ್ಳೇದು. ಕೇಳುದ್ರೆ... ನೋಡು."

"ಏನ್ ನೋಡದು? ಹೋದ್ರೆ ಹೋಗ್ಲಿ ಬಿಡು ಅದು," ಎಂದ ಅಶ್ವಥ್. ಹೇಳುವಾಗ ಅದು ನಿಜವೇ ಆಗಿತ್ತು.

ಇನ್ಸ್‌ಪೆಕ್ಟರು ಅಶ್ವಥನಿಗೆ ಕುರ್ಚಿ ತೋರಿಸಿದರು. ರೇವಣ್ಣ ಬಾಗಿಲ ಹತ್ತಿರ ಕೈ ಕಟ್ಟಿ ನಿಂತ. ಠಾಣೆಯಲ್ಲಿ ಅವನಿಗೆ ಅದು ರೂಢಿಯಾಗಿ ಹೋಗಿತ್ತು.

"ಪಿಸ್ತೂಲು ಇದೆಯಾ? ಕೊಡಿ ನೋಡೋಣ." ಅವರು ಗುಂಡಿಲ್ಲವೆಂದು ಖಾತ್ರಿ ಮಾಡಿಕೊಂಡು ಹಿಡಿಯನ್ನು ಬೆಳಕಿಗೆ ತಿರುಗಿಸಿದರು. "ಓಹೋ, ಹೊಸದು. ಬೀಟೆ ಅಲ್ವಾ? ಜೀವಭಯ ಇರೋರು ಇಷ್ಟು ಶೋಕಿ ಮಾಡೋದನ್ನ ನಾನು ನೋಡಿರ್ಲಿಲ್ಲ. ಯಾರ ಸೆಲೆಕ್ಷನ್ನು?"

"ನಂದೇ ಸಾರ್," ಎಂದ ಅಶ್ವಥ್.

"ಸರಿ. ಈ ರೇವಣ್ಣನಿಂದ ನಿಮಗೆ ಈಗ ಭಯ ಇದೆಯಾ, ಇಲ್ವಾ? ಇಲ್ಲ ಅನ್ನೋದಾದ್ರೆ ಇವನ ಕೆಲಸಕ್ಕೆ ನನ್ನ ಅಡ್ಡಿ ಇಲ್ಲ. ಆದ್ರೆ ಇದು ನಿಮ್ಮ ಹತ್ರ ಇರಬೇಕಾ ಅಂತ ನಾನು ಮೇಲಿನವರಿಗೆ ಬರೀಬೇಕಾಗ್ತದೆ. ಯೋಚನೆ ಮಾಡಿ ಹೇಳಿ."

ಇಲ್ಲ ಎನ್ನುವುದು ಎರಡಕ್ಷರ. ಅದು ಅಶ್ವಥನ ನಾಲಿಗೆಯ ತುದಿಯವರೆಗೆ ಬಂದಿತ್ತು. ಪಿಸ್ತೂಲು ಇನ್ನೂ ಇನ್ಸ್‌ಪೆಕ್ಟರರ ಅಂಗೈಯಲ್ಲಿತ್ತು. ಅದಿಲ್ಲದೆ ಬರುವ ಹಬ್ಬಕ್ಕೆ ಹೋಗಿ ಕೂರುವುದು, ಎಲ್ಲಿ ನಿಮ್ಮ ಪಿಸ್ತೂಲು ಎಂದು ಯಾರೋ ಕೇಳುವುದು, ಕಿತ್ತುಕೊಂಡರಂತೆ ಎಂದು ಇನ್ಯಾರೋ ಹೇಳುವುದು, ಮತ್ತೆ ಅದೇ ನಗು, ಎಲ್ಲವೂ ಅವನ ಕಣ್ಣ ಮುಂದೆ ಹಾದುಹೋಯಿತು.

"ಮುಂಚಿನಷ್ಟಿಲ್ಲ ಸಾರ್," ಎಂದ.

"ಅಂದ್ರೆ ಇದೆ."

"ಪೂರ್ತಿ ಇಲ್ಲ ಅಂತ ಹೇಳಕ್ಕಾಗಲ್ಲ ಸಾರ್."

ಅಶ್ವಥ್ ಬಾಗಿಲ ಕಡೆ ತಿರುಗಿ ನೋಡಲಿಲ್ಲ. ನೋಡುವ ಮುಖ ಅವನಿಗಿರಲಿಲ್ಲ. ಇನ್ಸ್‌ಪೆಕ್ಟರು ಒಂದು ಗಳಿಗೆ ಅವನನ್ನೇ ನೋಡಿ, ಹೊಲಸು ಮುಟ್ಟಿದವರಂತೆ ಪಿಸ್ತೂಲನ್ನು ಮೇಜಿನ ಮೇಲೆ ಇವನ ಕಡೆ ತಳ್ಳಿದರು. "ಆಯ್ತು, ಹೊರಡಿ. ನೀನು ಇವರಿಂದ ದೂರ ಇರಯ್ಯ," ಎಂದರು ರೇವಣ್ಣನಿಗೆ.

"ಆಗ್ಲಿ ಸಾರ್," ಎಂದ ರೇವಣ್ಣ.

ಗೇಟಿನ ಹತ್ತಿರ ನಿಂತಿದ್ದ ಕಾನ್‌ಸ್ಟೇಬಲ್ ಕುತೂಹಲದಿಂದ, "ಇಬ್ರೂ ಒಂದೇ ಜೀಪಲ್ಲಿ ಬಂದಿದ್ದಾ?" ಎಂದು ಕೇಳಿದ.

"ಇಲ್ಲ ಇಲ್ಲ," ಎಂದ ಅಶ್ವಥ್, ಯೋಚಿಸುವ ಮೊದಲೇ. "ಅವನು ಬಸ್ಸಲ್ಲಿ ಬಂದಿದ್ದು."

ಜೀಪಿನ ಬೀಗದ ಕೈ ರೇವಣ್ಣನ ಜೇಬಿನಲ್ಲಿತ್ತು. ಅವನು ಚಪ್ಪಲಿಗೆ ಸಿಕ್ಕಿದ ಕಲ್ಲು ತೆಗೆಯುವವನಂತೆ ಕಾಂಪೌಂಡ್ ಗೋಡೆಗೆ ಕೈ ಊರಿ ಬಗ್ಗಿದ. ಎದ್ದು ಹೋದಾಗ ಬೀಗದ ಕೈ ಗೋಡೆಯ ಮೇಲಿತ್ತು. ಸೊಂಟ ಹಿಡಿದುಕೊಂಡು ನಿಧಾನವಾಗಿ ಬಸ್ ಸ್ಟಾಪಿನ ಕಡೆ ನಡೆದ.

ಅಶ್ವಥ್ ಸುಮಾರು ಹೊತ್ತು ಫೋನು ನೋಡುವಂತೆ ನಿಂತಿದ್ದು, ಬೀಗದ ಕೈ ಎತ್ತಿಕೊಂಡು ಜೀಪು ಹತ್ತಿದ. ಸ್ಟಾಪಿನಲ್ಲಿ ನೆರಳಿಲ್ಲ. ಬಸ್ಸು ಇನ್ನೂ ಬಂದಿರಲಿಲ್ಲ. ರೇವಣ್ಣ ಒಬ್ಬನೇ ಬಿಸಿಲಲ್ಲಿ ನಿಂತಿದ್ದ. ನಿಲ್ಲಿಸಬೇಕೆಂದು ಅಶ್ವಥನ ಕಾಲು ಬ್ರೇಕಿನ ಮೇಲೆ ಹೋಯಿತು. ಕನ್ನಡಿಯಲ್ಲಿ ನೋಡಿದ. ಕಾನ್‌ಸ್ಟೇಬಲ್ ಇನ್ನೂ ಗೇಟಿನಲ್ಲೇ ಇದ್ದ, ಈ ಕಡೆಯೇ ನೋಡುತ್ತಿದ್ದ.

ಜೀಪು ನಿಧಾನವಾದದ್ದು ರೇವಣ್ಣನಿಗೆ ಕಂಡಿತು. ಅವನು ಟಾರು ಬಿಟ್ಟು ಹಿಂದಕ್ಕೆ, ಚರಂಡಿಯ ಅಂಚಿನವರೆಗೆ ಸರಿದು, ಯಾರದೋ ಗಾಡಿಗೆ ದಾರಿ ಬಿಡುವವನಂತೆ, ಬಸ್ಸು ಬರುವ ದಿಕ್ಕನ್ನೇ ನೋಡುತ್ತ ನಿಂತ.