ಮೂರು ಗೇಣು, ನಾಲ್ಕು ಬೆರಳು

ನಕ್ಷೆಯ ಮೇಲೆ ಬೆರಳುದ್ದದ ಒಂದು ನೀಲಿ ಗೆರೆ ಎಳೆಯಲು ಎಷ್ಟು ಖರ್ಚು ಬೀಳುತ್ತದೆ ಎಂದು ಕೇಳಿದರೆ ಹಾರೆಯಣ್ಣ ಬೆರಳು ಮಡಚಿ ಹೇಳುತ್ತಿದ್ದ. ಮೂರು ಬೇಸಿಗೆ. ಆಳುದ್ದದ ಗುಂಡಿ ಇಪ್ಪತ್ತಮೂರು. ಮುರಿದ ಗುದ್ದಲಿ ಕಾವು ಹನ್ನೊಂದು. ಸವೆದ ಬೂಟು ಮೂರು ಜೊತೆ. ಜೀಪಿನ ಕ್ಲಚ್ಚು ಒಂದು. ಆಮೇಲೆ ತನ್ನ ಎಡಗಾಲಿನ ಮಂಡಿ. ಅದನ್ನು ಲೆಕ್ಕಕ್ಕೆ ಹಿಡಿಯಬೇಕೋ ಬೇಡವೋ ಕೇಳಿದವರಿಗೆ ಬಿಟ್ಟದ್ದು, ಹೇಗೂ ಅದು ಹಳೆಯ ಮಾಲು.

ಬೆರಳುದ್ದದ ಆ ಗೆರೆ ನೆಲದ ಮೇಲೆ ಹನ್ನೊಂದು ಕಿಲೋಮೀಟರು. ಸಾವಿರಾರು ವರ್ಷಗಳ ಹಿಂದೆ ಬೆಟ್ಟದ ನೆತ್ತಿಯಿಂದ ಇಳಿದು, ಕಣಿವೆಗಳನ್ನು ತುಂಬಿ, ಕೊನೆಗೆ ಕರಗಿಹೋದ ಹಿಮನದಿಗಳು ಎಲ್ಲಿಯವರೆಗೆ ಬಂದಿದ್ದವು ಎಂದು ಇಡೀ ಸೀಮೆಗೆ ಒಂದೇ ನಕ್ಷೆ ಮಾಡುವುದು ಆ ಕಚೇರಿಯ ಕೆಲಸ. ಕಚೇರಿ ಎಂದರೆ ಸೈಕಲ್ ಅಂಗಡಿಯ ಮೇಲಿನ ಮೂರು ಕೋಣೆ. ಒಂದರಲ್ಲಿ ಕಲ್ಲಿನ ಟ್ರೇಗಳು, ಒಂದರಲ್ಲಿ ಮಣ್ಣಿನ ಚೀಲಗಳು, ಮೂರನೆಯದರಲ್ಲಿ ಗೋಡೆ ತುಂಬ ನಕ್ಷೆ. ಮಂಜುಗಡ್ಡೆ ಇದ್ದ ಕಡೆ ನೀಲಿ, ಇಲ್ಲದ ಕಡೆ ಬಿಳಿ. ಹೇಳಿದಷ್ಟು ಸುಲಭವಲ್ಲ. ಕರಗಿಹೋದದ್ದು ವಿಳಾಸ ಬರೆದಿಟ್ಟು ಹೋಗುವುದಿಲ್ಲ. ಅದು ತಳ್ಳಿಕೊಂಡು ಬಂದು ಬಿಟ್ಟುಹೋದ ಕಲ್ಲುಮಣ್ಣಿನ ದಿಣ್ಣೆ, ಅದರ ಭಾರಕ್ಕೆ ಅಮುಕಿ ಗಟ್ಟಿಯಾದ ಬೂದು ಜೇಡಿ, ಅದರ ತಳಕ್ಕೆ ಅಂಟಿಕೊಂಡ ಕಲ್ಲುಗಳು ಬಂಡೆಯ ಮೇಲೆ ಎಳೆದ ಗೀರು, ಇಷ್ಟೇ ಸಾಕ್ಷಿ.

ಸಾಕ್ಷಿ ಹುಡುಕಿ ತೀರ್ಪು ಬರೆಯುವವರು ಮೇಡಂ. ನೆಲ ಅಗೆದು ಸಾಕ್ಷಿಯನ್ನು ಎಬ್ಬಿಸುವವನು ಹಾರೆಯಣ್ಣ. ಕೈಯಲ್ಲಿ ಹಾರೆ ಇಲ್ಲದೆ ಅವನನ್ನು ಯಾರೂ ಕಂಡವರಿಲ್ಲ, ಅದಕ್ಕೇ ಆ ಹೆಸರು. ಮೂವತ್ತು ವರ್ಷ ಗುಂಡಿ ತೋಡಿ ಅವನ ಕಿವಿ ಪಳಗಿತ್ತು. ಹಾರೆ ಬಿದ್ದ ಸದ್ದಿನಲ್ಲೇ ಕೆಳಗಿರುವುದು ಹೊಳೆಯ ಜಲ್ಲಿಯೋ ಮಂಜು ಅಮುಕಿದ ಜೇಡಿಯೋ ಹೇಳಿಬಿಡುತ್ತಿದ್ದ.

ದೊಡ್ಡ ಕಣಿವೆ ನೀಲಿ ಎಂಬುದರಲ್ಲಿ ಯಾರಿಗೂ ತಕರಾರಿರಲಿಲ್ಲ. ಪ್ರಶ್ನೆ ಇದ್ದದ್ದು ಪಕ್ಕದ ಚಿಕ್ಕ ಕಣಿವೆಯದು. ಎರಡರ ನಡುವೆ ಬೆಟ್ಟಸಾಲು ತಗ್ಗಿ ಒಂದು ಸಂದು ಆಗಿದೆ. ಹಿಮ ಆ ಸಂದು ಹತ್ತಿ ಆಚೆ ಇಳಿದಿತ್ತೋ, ಈಚೆಯೇ ನಿಂತಿತ್ತೋ? ನಾಲ್ಕು ವರ್ಷದ ಹಿಂದೆ ಸಂದಿನಲ್ಲಿ ಊಟಕ್ಕೆ ಕೂತಾಗ, ಹಾರೆಯಣ್ಣ ಕಾಲಿನಿಂದ ತರಗೆಲೆ ಸರಿಸಿದ. ಕೆಳಗಿನ ಬಂಡೆಯ ಮೇಲೆ ನೇರವಾದ ಗೀರುಗಳು, ಎಲ್ಲವೂ ಚಿಕ್ಕ ಕಣಿವೆಯ ಕಡೆಗೆ ಮುಖಮಾಡಿದವು. ಮೇಡಂ ಕೈಯಲ್ಲಿದ್ದ ಬ್ರೆಡ್ಡನ್ನು ಅಲ್ಲೇ ಇಟ್ಟು ಮಂಡಿಯೂರಿದರು. ಆ ಬ್ರೆಡ್ಡು ಮತ್ತೆ ಅವರ ಬಾಯಿಗೆ ಹೋಗಲಿಲ್ಲ, ಇರುವೆಗಳ ಪಾಲಾಯಿತು.

ವರದಿ ಅಚ್ಚಾದಾಗ ಮೂವತ್ತೆಂಟನೆಯ ಪುಟದಲ್ಲಿ ಆ ಬಂಡೆಯ ಫೋಟೋ ಇತ್ತು. ಕೆಳಗೆ, ಮೊದಲು ಕಂಡವರು ಎಂದು ಹಾರೆಯಣ್ಣನ ಹೆಸರು, ಅಪ್ಪ ಅಮ್ಮ ಇಟ್ಟದ್ದು, ಪೂರ್ತಿಯಾಗಿ. ಅಷ್ಟು ವರ್ಷದಲ್ಲಿ ಅವನ ಹೆಸರು ಹಾಜರಿ ಪುಸ್ತಕ ಬಿಟ್ಟು ಬೇರೆಲ್ಲೂ ಬಿದ್ದಿರಲಿಲ್ಲ. ಹೆಂಡತಿ ಆ ಪುಟಕ್ಕೆ ಕಟ್ಟು ಹಾಕಿಸಿ ಗಡಿಯಾರದ ಪಕ್ಕ ತೂಗುಹಾಕಿದಳು. ಎಲ್ಲರ ಮನೆಯಲ್ಲಿ ಮದುವೆ ಫೋಟೋ ಇದ್ದರೆ ಇವರ ಮನೆಯಲ್ಲಿ ಬಂಡೆ ಫೋಟೋ ಎಂದು ಪಕ್ಕದ ಮನೆಯವರು ನಕ್ಕರು. ನಗಲಿ ಎಂದು ಅವನು ದಿನಾ ಅದರ ಧೂಳು ಒರೆಸಿದ.

ಚಿಕ್ಕ ಕಣಿವೆಯಲ್ಲಿ ತೋಡಿದ ಇಪ್ಪತ್ತಮೂರು ಗುಂಡಿಯಲ್ಲಿ ಒಂದರಲ್ಲೂ ಬೂದು ಜೇಡಿ ಸಿಗಲಿಲ್ಲ. ಹಾರೆಯ ಸದ್ದೂ ಅಂಥ ಜೇಡಿಯ ಸದ್ದಿಗೆ ಹೊಂದುತ್ತಿರಲಿಲ್ಲ. ಅದಕ್ಕೆ ಮೇಡಂ ಹತ್ತಿರ ಕಾರಣವಿತ್ತು: ಹಿಮ ಇಲ್ಲಿ ತೆಳ್ಳಗಿತ್ತು, ಬಿಟ್ಟುಹೋದದ್ದನ್ನು ಹೊಳೆ ತೊಳೆದುಕೊಂಡು ಹೋಗಿದೆ. ಕೆಲಸಕ್ಕೆ ಹಣ ಮಂಜೂರು ಮಾಡುವ ದೊಡ್ಡ ಕಚೇರಿಯವರು ಅನುಮಾನಪಟ್ಟಾಗ ಅವರು ಆ ಗೀರುಗಳನ್ನೇ ಮುಂದಿಟ್ಟು ವಾದಿಸಿ ಗೆದ್ದಿದ್ದರು. ಚಿಕ್ಕ ಕಣಿವೆ ನೀಲಿಯಾಯಿತು. ಅದರ ಮೇಲೆ ಇನ್ನೆರಡು ಬೇಸಿಗೆಯ ಕೆಲಸವೂ ಮಂಜೂರಾಗುವುದರಲ್ಲಿತ್ತು. ನಕ್ಷೆ ಶುಕ್ರವಾರ ಅಚ್ಚಿಗೆ ಹೋಗಬೇಕು.

ಆ ವಾರದ ಹಿಂದಿನ ಶನಿವಾರ ಹಾರೆಯಣ್ಣನ ಅಕ್ಕ ಬಂದಳು. ಅವನಿಗಿಂತ ಹದಿಮೂರು ವರ್ಷ ದೊಡ್ಡವಳು, ಚಿಕ್ಕ ಕಣಿವೆಯ ಹಳೆಯ ಮನೆಯಲ್ಲೇ ಇರುವವಳು. ಕಣ್ಣು ತೋರಿಸಿಕೊಳ್ಳಲು ಬಂದವಳಿಗೆ ಡಾಕ್ಟರು ಹೊಸ ಕನ್ನಡಕ ಕೊಟ್ಟಿದ್ದರು. ಹತ್ತು ವರ್ಷದಿಂದ ಮಸುಕಾಗಿದ್ದ ಲೋಕ ಒಮ್ಮೆಲೇ ಚೊಕ್ಕವಾಗಿ, ಮನೆಯಲ್ಲಿದ್ದದ್ದನ್ನೆಲ್ಲ ಓದತೊಡಗಿದಳು. ಕ್ಯಾಲೆಂಡರು, ಔಷಧಿ ಶೀಷೆ, ಸೋಪಿನ ಪೊಟ್ಟಣ. ಹೆಂಡತಿಯ ತಲೆಯಲ್ಲಿ ಎಷ್ಟು ಬಿಳಿಕೂದಲಾಗಿದೆ ಎಂಬುದನ್ನೂ ಹೇಳಿ ಒಂದು ಲೋಟ ಚಹಾ ಕಳೆದುಕೊಂಡಳು. ಹಾಗೇ ಗಡಿಯಾರದ ಪಕ್ಕಕ್ಕೆ ಬಂದಳು.

"ಸಂದಿನ ಬಂಡೇನ ಯಾಕೋ ತೂಗುಹಾಕಿದ್ದೀಯಾ?"

ಹಾರೆಯಣ್ಣ ಎದೆಯುಬ್ಬಿಸಿ ಹಿಮನದಿಯ ಕಥೆಯನ್ನೆಲ್ಲ ಹೇಳಿದ. ಅಕ್ಕ ಪೂರ್ತಿ ಕೇಳಿಸಿಕೊಂಡು ಕನ್ನಡಕ ತೆಗೆದು ಸೆರಗಿಗೆ ಒರೆಸಿ ಮತ್ತೆ ಹಾಕಿಕೊಂಡಳು.

"ಹಿಮಾನೂ ಇಲ್ಲ, ಗಿಮಾನೂ ಇಲ್ಲ. ಅದು ಅಪ್ಪನ ಎಳೆಬಂಡಿ ಗೀಚಿದ್ದು ಕಣೋ. ಹಿಂದೆ ಸರಪಳಿ ಹಿಡ್ಕೊಂಡು ಬರ್ತಿದ್ದೋಳು ನಾನು. ನೀನಾಗ ತೊಟ್ಟಿಲಲ್ಲಿ ಚೀರ್ತಾ ಇದ್ದೆ."

ಅಪ್ಪ ಮರ ಸಾಗಿಸುತ್ತಿದ್ದ ಎಂದು ಅವನಿಗೆ ಗೊತ್ತಿತ್ತು. ಹೇಗೆ, ಯಾವ ದಾರಿಯಲ್ಲಿ ಎಂದು ಕೇಳಿರಲಿಲ್ಲ. ಅವನಿಗೆ ಬುದ್ಧಿ ತಿಳಿಯುವ ಹೊತ್ತಿಗೆ ಲಾರಿ ರಸ್ತೆ ಬಂದು ಎಲ್ಲ ಮುಗಿದಿತ್ತು. ಅಕ್ಕ ಹೇಳಿದಳು: ಚಕ್ರವಿಲ್ಲದ ಬಂಡಿ, ಅಡಿಯಲ್ಲಿ ಎರಡು ಕಬ್ಬಿಣದ ಪಟ್ಟಿ, ಮುಂದೆ ಎರಡು ಕುದುರೆ, ಮೇಲೆ ಆರು ದಿಮ್ಮಿ. ಸಂದಿನ ಬಂಡೆ ಮೇಲೆ ಬಂದರೆ ಪಟ್ಟಿಯಿಂದ ಕಿಡಿ ಹಾರುತ್ತಿತ್ತು. ಅಲ್ಲಿಂದ ಇಳಿಜಾರಿನಲ್ಲಿ, ಬಂಡಿ ಮುನ್ನುಗ್ಗದಂತೆ ಹಿಂದೆ ಸರಪಳಿ ನೆಲಕ್ಕೆ ಉಜ್ಜುತ್ತಾ, ಚಿಕ್ಕ ಕಣಿವೆಯ ಗರಗಸದ ಮಿಲ್ಲಿಗೆ. ಹತ್ತು ಹನ್ನೆರಡು ಮನೆಯವರ ಬಂಡಿ, ಎಲ್ಲ ಒಬ್ಬನೇ ಕಮ್ಮಾರ ಮಾಡಿದ್ದು, ಎಲ್ಲಕ್ಕೂ ಒಂದೇ ಅಳತೆ. ಅಪ್ಪನ ಬಂಡಿ ಈಗಲೂ ಕೊಟ್ಟಿಗೆಯಲ್ಲಿ ಕೋಳಿಗೂಡಿಗೆ ಆಸರೆಯಾಗಿ ನಿಂತಿದೆ.

ಮಾರನೆಯ ದಿನ ಅಕ್ಕನನ್ನು ಬಸ್ಸಿನಲ್ಲಿ ಊರಿಗೆ ಬಿಡುವ ನೆಪದಲ್ಲಿ ಅವನೂ ಹೋದ. ಕೋಳಿಗಳನ್ನು ಓಡಿಸಿ ಪಟ್ಟಿಯಿಂದ ಪಟ್ಟಿಗೆ ಗೇಣು ಹಾಕಿದ. ಮೂರು ಗೇಣು, ನಾಲ್ಕು ಬೆರಳು. ಒಂದು ದಾರಕ್ಕೆ ಅದೇ ಅಳತೆಗೆ ಎರಡು ಗಂಟು ಹಾಕಿ, ಸಂದಿಗೆ ಏರಿದ. ದಾರದ ಒಂದು ಗಂಟನ್ನು ಒಂದು ಗೀರಿನ ಮೇಲಿಟ್ಟರೆ ಇನ್ನೊಂದು ಗಂಟು ಪಕ್ಕದ ಗೀರಿನ ಮೇಲೆ ಕೂತಿತು. ಮುಂದಿನ ಬಂಡೆ, ಅಲ್ಲೂ ಕೂತಿತು. ಐದಾರು ಕಡೆ ಇಟ್ಟು ನೋಡಿ ದಾರವನ್ನು ಜೇಬಿಗೆ ಹಾಕಿಕೊಂಡ. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎನ್ನುತ್ತಾರೆ. ಕಂಡವನು ಅವನೇ, ಪರಾಂಬರಿಸಿದವನೂ ಅವನೇ, ಆದರೆ ನಡುವೆ ನಾಲ್ಕು ವರ್ಷ ತಡವಾಗಿತ್ತು.

ಮನೆಗೆ ಬಂದರೆ ಮಾತು ಬಾಯಲ್ಲಿ ಬಿಸಿತುಪ್ಪ. ಉಗುಳಲೂ ಆಗದು, ನುಂಗಲೂ ಆಗದು. ಹೇಳಿದರೆ ಅಚ್ಚಾದ ಹೆಸರು ಹೋಗುತ್ತದೆ, ಎರಡು ಬೇಸಿಗೆಯ ಕೆಲಸ ಹೋಗುತ್ತದೆ, ಮೇಡಂ ದೊಡ್ಡ ಕಚೇರಿಯವರ ಮುಂದೆ ತಲೆ ತಗ್ಗಿಸಬೇಕಾಗುತ್ತದೆ. ಹೇಳದಿದ್ದರೆ ಏನೂ ಆಗುವುದಿಲ್ಲ. ಹೆಂಡತಿ ಅದನ್ನೇ ಹೇಳಿದಳು, ಅದೂ ಸೌತೆಕಾಯಿ ಹೆಚ್ಚುತ್ತಾ.

"ಕರಗಿ ಹೋಗಿರೋ ಮಂಜು ಬಂದು, ನಾನಲ್ಲಿಗೆ ಹೋಗಿರಲಿಲ್ಲ ಅಂತ ದೂರು ಕೊಡುತ್ತೇನ್ರೀ?"

ಅವನಿಗೆ ನಗು ಬಂತು. ಆದರೂ ಮನಸ್ಸಿನಲ್ಲಿ ಇಪ್ಪತ್ತಮೂರು ಗುಂಡಿ ಎದ್ದು ಕೂತವು. ಪ್ರತಿ ಗುಂಡಿಯಲ್ಲೂ ಹಾರೆ, ಹಿಮ ಇಲ್ಲಿಗೆ ಬಂದಿಲ್ಲ ಎಂದಿತ್ತು. ತನ್ನ ಕಿವಿ ಸರಿಯಿತ್ತು, ಕಣ್ಣು ತಪ್ಪಿತ್ತು. ಈಗ ಸುಮ್ಮನಿದ್ದರೆ ಮೂವತ್ತು ವರ್ಷ ಪಳಗಿಸಿದ ಕಿವಿಯನ್ನೇ ಸುಳ್ಳು ಮಾಡಿದ ಹಾಗೆ. ಇದನ್ನು ಹೆಂಡತಿಗೆ ಹೇಳಿದ. ಅವಳು ಹೆಚ್ಚಿದ ಹೋಳುಗಳನ್ನು ಪಾತ್ರೆಗೆ ಸುರಿದು, ಹಾಗಾದರೆ ಹೇಳಿಬಿಡಿ, ಮುಖ ಗಂಟಿಕ್ಕಿಕೊಂಡು ಎರಡು ಬೇಸಿಗೆ ಮನೆಯಲ್ಲಿ ಓಡಾಡುವುದಕ್ಕಿಂತ ಅದು ವಾಸಿ ಎಂದಳು.

ಸೋಮವಾರ ಬೆಳಿಗ್ಗೆ ಮೇಡಂ ಗೋಡೆಯ ನಕ್ಷೆಯ ಮುಂದೆ ನಿಂತು ಬಣ್ಣ ಸರಿಮಾಡುತ್ತಿದ್ದರು. ಅವನು ಬಾಗಿಲಲ್ಲೇ ನಿಂತ.

"ಮೇಡಂ, ನನ್ನ ಬಂಡೆ ಸುಳ್ಳು ಹೇಳ್ತಾ ಇದೆ."

"ಏನಂತೆ?" ಅವರು ತಿರುಗಲಿಲ್ಲ.

"ತನ್ನನ್ನ ಗೀಚಿದ್ದು ಹಿಮ ಅಂತಿದೆ. ಗೀಚಿದ್ದು ನಮ್ಮಪ್ಪ."

ದಾರವನ್ನು ಮೇಜಿನ ಮೇಲಿಟ್ಟು ಕನ್ನಡಕದಿಂದ ಕೋಳಿಗೂಡಿನವರೆಗೆ ಎಲ್ಲವನ್ನೂ ಹೇಳಿದ. ಮೇಡಂ ಕುರ್ಚಿ ಎಳೆದು ಕೂತರು. ಅರವತ್ತೊಂದು ಗೀರು, ಒಂದೊಂದಕ್ಕೂ ದಿಕ್ಸೂಚಿ ಇಟ್ಟು ಅಳೆದಿದ್ದೇನೆ ಎಂದರು. ದನಿಯಲ್ಲಿ ಸಿಟ್ಟಿತ್ತು, ಅವನ ಮೇಲಿನದಲ್ಲ.

"ದಿಕ್ಕು ಅಳೆದ್ರಿ ಮೇಡಂ. ಒಂದರಿಂದ ಒಂದಕ್ಕೆ ಎಷ್ಟು ದೂರ ಅಂತ ಅಳೀಲಿಲ್ಲ. ಹಿಮಕ್ಕೆ ಎರಡೇ ಕಾಲಿರುತ್ತೆ, ಅವನ್ನ ಒಂದೇ ಅಳತೆಗೆ ಇಡುತ್ತೆ ಅಂತ ಯಾರು ಕನಸು ಕಾಣ್ತಾರೆ?"

ಅವರು ಹಳೆಯ ನೋಟ್‌ಬುಕ್ ತೆಗೆದರು. ಅವರೇ ಬರೆದ ಚಿತ್ರಗಳು, ಪುಟಪುಟದಲ್ಲೂ ಗೀರುಗಳು ಜೋಡಿಜೋಡಿಯಾಗಿ ಕೂತಿದ್ದವು. ಎಣಿಸಿದರು. ಇಪ್ಪತ್ತೆಂಟು ಜೋಡಿ. ಒಂಟಿ ಗೀರು ಐದು. ಆ ಐದರ ಮೇಲೆ ಬೆರಳಿಟ್ಟು ಅವನ ಮುಖ ನೋಡಿದರು. ಆ ಐದು ಅಕ್ಕನ ಸರಪಳಿಯದೂ ಇರಬಹುದು, ಹಿಮದ್ದೂ ಇರಬಹುದು, ಕೂತಲ್ಲೇ ಹೇಗೆ ಹೇಳುವುದು ಎಂದ ಹಾರೆಯಣ್ಣ. ಹೇಳುವ ದಾರಿ ಇಬ್ಬರಿಗೂ ಗೊತ್ತಿತ್ತು. ಮಣ್ಣಿನಡಿ ಮುಚ್ಚಿಕೊಂಡ ಬಂಡೆಯಲ್ಲಿ ಹಿಮದ ಗುರುತು ಗಾಳಿಮಳೆಗೆ ಸಿಗದೆ ಹೊಸದರಂತೆ ಉಳಿಯುತ್ತದೆ. ದೊಡ್ಡ ಕಣಿವೆಯಲ್ಲಿ ಹುಲ್ಲಿನ ಹೊದಿಕೆ ಎತ್ತಿದರೆ ಬಂಡೆ ಉಜ್ಜಿದ ಗಾಜಿನಂತೆ ಮಿನುಗುತ್ತಿತ್ತು. ಸಂದಿನಲ್ಲೂ ದಾರಿ ಬಿಟ್ಟು ಪಕ್ಕದ ಹುಲ್ಲಿನಡಿ ನೋಡಬೇಕು. ಅಲ್ಲಿ ಬಂಡಿ ಹೋಗಿರಲು ಸಾಧ್ಯವಿಲ್ಲ.

ಮಂಗಳವಾರ ಇಬ್ಬರೇ ಹೋದರು. ಅವನು ಆರು ಕಡೆ ಚಾಪೆಯಷ್ಟಗಲ ಹುಲ್ಲು ಕತ್ತರಿಸಿ, ಸುರುಳಿ ಸುತ್ತಿ ಪಕ್ಕಕ್ಕಿಟ್ಟ. ಕೆಳಗಿನ ಮಣ್ಣನ್ನು ಬರಿಗೈಯಲ್ಲೇ ತೆಗೆದ, ಕಬ್ಬಿಣ ತಾಗಬಾರದೆಂದು. ಮೇಡಂ ನೀರು ಸುರಿದು ಬ್ರಷ್ಷಿನಿಂದ ತೊಳೆದರು. ಮೊದಲನೆಯದರಲ್ಲಿ ಬಂಡೆ ಸಿಡುಬಿನ ಮುಖದ ಹಾಗೆ ಒರಟು. ಎರಡನೆಯದೂ ಹಾಗೇ. ಮೂರು, ನಾಲ್ಕೂ ಒರಟೇ. ಐದನೆಯದರಲ್ಲಿ ಒಂದು ಬಿಳಿ ಗೀರು ಕಂಡು ಅವರ ಕೈ ನಿಂತಿತು.

"ಅದು ನಂದು," ಎಂದ ಹಾರೆಯಣ್ಣ. "ಈಗ ತಾನೇ ಹುಲ್ಲು ಎತ್ತುವಾಗ ಹಾರೆ ಜಾರಿತು. ಅದನ್ನೂ ಅಳೆದು ಬರ್ಕೊಂಡುಬಿಡ್ಬೇಡಿ."

ಮೇಡಂ ನಕ್ಕರು. ಎರಡು ದಿನದಲ್ಲಿ ಅದೇ ಮೊದಲು. ಆರನೆಯದೂ ಒರಟಾಗಿಯೇ ಇತ್ತು. ಅವನು ಹುಲ್ಲಿನ ಸುರುಳಿಗಳನ್ನು ಬಿಡಿಸಿ ಎಲ್ಲಿದ್ದವೋ ಅಲ್ಲೇ ಹಾಸಿ, ಬೂಟುಗಾಲಿನಿಂದ ತುಳಿದು ಕೂರಿಸಿದ. ಮೇಡಂ ಬಂಡೆಯ ಮೇಲೆ ಕೂತು ಫ್ಲಾಸ್ಕಿನ ಚಹಾ ಎರಡು ಲೋಟಕ್ಕೆ ಬಗ್ಗಿಸಿದರು.

"ಶುಕ್ರವಾರ ಕಳೆದ ಮೇಲೆ ಹೇಳಿದ್ರೆ ನಾನು ಏನೂ ಮಾಡೋಕಾಗ್ತಿರಲಿಲ್ಲ," ಎಂದರು. "ನಿಮಗೂ ಅದು ಗೊತ್ತಿತ್ತು."

"ಗೊತ್ತಿತ್ತು. ಅದಕ್ಕೇ ಸೋಮವಾರ ಬಂದೆ."

ಸ್ವಲ್ಪ ಹೊತ್ತಿನ ಮೇಲೆ ಮೇಡಂ ಕೇಳಿದರು: ನಕ್ಷೆಯ ಜೊತೆ ಹೋಗುವ ಟಿಪ್ಪಣಿಯಲ್ಲಿ ತಪ್ಪನ್ನು ಬರೆಯಲೇಬೇಕು, ತಿದ್ದಿದವರು ಎಂದು ನಿಮ್ಮ ಹೆಸರು ಹಾಕಲೇ? ಹಾರೆಯಣ್ಣ ಚಹಾ ಮುಗಿಸಿ ಲೋಟ ಕೊಡವಿದ.

"ಬರೆಯೋದಾದ್ರೆ ನಮ್ಮಪ್ಪನ ಹೆಸರು ಬರೀರಿ. ಕೆಲಸ ಮಾಡಿದ್ದು ಅವನು. ನಾವಿಬ್ಬರೂ ಬರೀ ಓದಿದ್ದು, ಅದೂ ತಪ್ಪಾಗಿ."

ಬುಧವಾರ ಮೇಡಂ ಚಿಕ್ಕ ಕಣಿವೆಯ ನೀಲಿಯನ್ನು ಅಳಿಸಿ, ಗೆರೆಯನ್ನು ಸಂದಿನಿಂದ ಈಚೆ, ದೊಡ್ಡ ಕಣಿವೆಯ ದಿಣ್ಣೆಯ ಉದ್ದಕ್ಕೆ ಎಳೆದರು. ದೊಡ್ಡ ಕಚೇರಿಗೆ ತಾವೇ ಫೋನ್ ಮಾಡಿ, ನಿಮ್ಮ ಅನುಮಾನ ಸರಿ, ನನ್ನ ವಾದ ತಪ್ಪು ಎಂದರು. ಆ ಕಡೆಯವರು ಬಹಳ ಹೊತ್ತು ಮಾತಾಡಿದರು. ಇವರು ಹೂಂ, ಹೂಂ ಎಂದಷ್ಟೇ ಹೇಳಿ ಫೋನ್ ಇಟ್ಟರು. ನಕ್ಷೆ ಶುಕ್ರವಾರಕ್ಕೇ ಹೋಯಿತು.

ಮುಂದಿನ ತಿಂಗಳು ಅಕ್ಕ ಕನ್ನಡಕದ ಕಡ್ಡಿ ಸರಿಮಾಡಿಸಲು ಬಂದಾಗ ಗೋಡೆಯ ಮೇಲಿನ ಫೋಟೋ ಕೊಡು ಎಂದಳು. ಇನ್ನು ಅದು ನಿನಗೆ ಯಾಕೆ, ಅಪ್ಪನದು ಅಂತ ಮನೆಯಲ್ಲಿ ಒಂದು ಫೋಟೋ ಕೂಡ ಇಲ್ಲ ಎಂದಳು. ಹೆಂಡತಿ ಕಟ್ಟನ್ನು ಇಳಿಸಿ, ಗಾಜು ಒರೆಸಿ, ಹಳೆಯ ಟವೆಲಿನಲ್ಲಿ ಸುತ್ತಿ ಕೊಟ್ಟಳು. ಮೊಳೆ ಮಾತ್ರ ಹಾಗೇ ಇರಲಿ ಎಂದು ಬಿಟ್ಟಳು.

ಹೀಗೆ ಹೋದದ್ದು ಹನ್ನೊಂದು ಕಿಲೋಮೀಟರು ಹಿಮ, ಎರಡು ಬೇಸಿಗೆಯ ಕೆಲಸ, ಅಚ್ಚಿನಲ್ಲಿದ್ದ ಒಂದು ಹೆಸರು. ಉಳಿದದ್ದು ಇನ್ನು ಯಾರೂ ಬಂದು ಸರಿಸಬೇಕಿಲ್ಲದ ಒಂದು ಗೆರೆ, ಮತ್ತು ಟಿಪ್ಪಣಿಯ ಕೊನೆಯಲ್ಲಿ ಮರ ಸಾಗಿಸುತ್ತಿದ್ದವನೊಬ್ಬನ ಹೆಸರು. ಅದನ್ನು ಅಕ್ಕ ಎರಡು ಸಲ ಓದಿದಳು, ಒಮ್ಮೆ ಕನ್ನಡಕ ಹಾಕಿ, ಒಮ್ಮೆ ತೆಗೆದು.