ಹೊಳೆದಂಡೆಯ ಕಪ್ಪು ಹಿಮ

ಈಸ್ಟರ್ ರಜೆಗೆ ಊರಿಗೆ ಊರೇ ಬೆಟ್ಟದ ಮೇಲಿನ ಮರದ ಪುಟ್ಟ ರಜಾಮನೆಗಳಿಗೆ ಹೊರಟಿತ್ತು. ಗುಡ್‌ವೈಗ್ ಮಾತ್ರ ಫುಟ್‌ಬಾಲ್ ಮೈದಾನದ ಹಿಂದೆ, ಹಿಮದ ಗುಡ್ಡೆಯ ಎದುರು ಸಲಿಕೆ ಹಿಡಿದು ನಿಂತಿದ್ದಳು. ಮೈದಾನ ನೋಡಿಕೊಳ್ಳುವವಳು ಅವಳೇ.

ಗುಡ್ಡೆಯ ತುಂಬ ಗ್ರಾನುಲಾಟ್. ಹಳೆಯ ಟೈರು ಅರೆದು ಮಾಡಿದ, ಸಾಸಿವೆ ಗಾತ್ರದ ಕಪ್ಪು ಕಾಳು. ಪ್ಲಾಸ್ಟಿಕ್ ಹುಲ್ಲಿನ ಬುಡದಲ್ಲಿ ಇರಬೇಕಾದದ್ದು, ಹಿಮ ತಳ್ಳುವಾಗ ಜೊತೆಗೇ ಬಂದುಬಿಡುತ್ತದೆ. ಆದ್ದರಿಂದ ಹಿಮವನ್ನು ಡಾಂಬರು ಹಾಕಿದ ಅಂಗಳದಲ್ಲೇ ರಾಶಿ ಹಾಕಬೇಕು, ಕರಗಿದ ಮೇಲೆ ಕಾಳು ಗುಡಿಸಿ ಮೈದಾನಕ್ಕೆ ಸುರಿಯಬೇಕು. ಈ ರಾಶಿ ಬಿದ್ದದ್ದು ಹೊಳೆಯ ದಂಡೆಗೆ. ಬಿಸಿಲು ಬೇರೆ ಏರಿತ್ತು. ಇನ್ನು ನಾಲ್ಕು ದಿನ ಬಿಟ್ಟರೆ ಅಷ್ಟೂ ಹೊಳೆಯ ಪಾಲು, ಆಮೇಲೆ ಮೀನಿನ ಹೊಟ್ಟೆಯ ಪಾಲು.

ಕ್ಲಬ್ಬಿನ ಅಧ್ಯಕ್ಷ ಓಡ್‌ಲೈಫ್ ಕಾರು ನಿಲ್ಲಿಸಿದ. ತಲೆಯ ಮೇಲೆ ಸ್ಕೀ ಕಟ್ಟಿದ ಕಾರು, ಒಳಗೆ ಮುಖ ಊದಿಸಿಕೊಂಡ ಹೆಂಡತಿ.

"ಏನೇ ಇದು? ಊರೆಲ್ಲ ಬಿಸಿಲಲ್ಲಿ ಕೂತು ಕಿತ್ತಳೆ ಸುಲೀತಿದ್ರೆ ನೀನು ಹಿಮ ಹೊರ್ತಿದೀಯ!"

"ಎಲ್ರೂ ಸೇರಿ ಮಾಡೋಣ ಬನ್ನಿ ಅಂತ ಮೂವತ್ತು ಜನಕ್ಕೆ ಮೆಸೇಜ್ ಹಾಕ್ದೆ. ಮೂವತ್ತು ಹೆಬ್ಬೆಟ್ಟಿನ ಚಿತ್ರ ಬಂತು. ಸಲಿಕೆ ಒಂದೂ ಬರ್ಲಿಲ್ಲ."

"ರಜೆ ಮುಗೀಲಿ ಮಾರಾಯ್ತಿ, ತೆಗೆಯೋಣ. ಹಿಮ ಎಲ್ಲಿಗೆ ಓಡಿಹೋಗತ್ತೆ?"

"ಹೊಳೆಗೆ."

ಓಡ್‌ಲೈಫ್‌ಗೆ ಸಿಟ್ಟು ಬಂತು. "ಯಾವ ಮಹಾನುಭಾವ ಇಲ್ಲಿ ತಳ್ಳಿದ್ನೋ ಅವನೇ ಬಂದು ಬಾಚ್ಲಿ!"

"ಅವಳೇ ಬಾಚ್ತಿದಾಳೆ," ಎಂದಳು ಗುಡ್‌ವೈಗ್.

ಅವಳ ಮುಖ ಸುಟ್ಟಂತಾಯಿತು. ಜನವರಿಯಲ್ಲಿ ಹುಡುಗಿಯರ ಪಂದ್ಯಕ್ಕೆ ಒಂದೇ ಗಂಟೆ ಉಳಿದಿತ್ತು, ಹೊಳೆಯ ಕಡೆ ಹತ್ತಿರವಾಗಿತ್ತು, ತಳ್ಳಿಬಿಟ್ಟಿದ್ದಳು. ಅಂಗಳದ ತನಕ ಹೋಗಲು ಸೋಮಾರಿತನ, ಅಷ್ಟೇ. ಬೇರೆ ನೆಪ ಹುಡುಕಿ ಹುಡುಕಿ ಅವಳಿಗೇ ಸಾಕಾಗಿತ್ತು.

"ನಾನು ಯಾರಿಗೂ ಹೇಳಲ್ಲ ಬಿಡು," ಎಂದ ಅವನು ಮೆತ್ತಗೆ.

"ಹೇಳು. ಹೇಳಿದ್ರೂ ಇದು ಕರಗೋದು ನಿಲ್ಲಲ್ಲ. ಹೊರಡು, ನಿನ್ ಹೆಂಡ್ತಿ ನನ್ನ ನುಂಗೋ ಹಾಗೆ ನೋಡ್ತಿದಾಳೆ."

ಕಾರು ಹೋಯಿತು. ಅವಳು ಕೈಗಾಡಿ ತುಂಬಿದಳು, ಅಂಗಳಕ್ಕೆ ಸುರಿದಳು, ಮತ್ತೆ ತುಂಬಿದಳು. ಎರಡನೆಯ ದಿನ ಅಂಗೈ ಬೊಬ್ಬೆ ಒಡೆಯಿತು. ಮೂರನೆಯ ದಿನ ಸೊಂಟ ಕೈಕೊಟ್ಟಿತು, ಮಂಡಿಯೂರಿ ಬಾಚಿದಳು. ಶನಿವಾರ ಮಧ್ಯಾಹ್ನ ದಂಡೆಯ ಒಣಹುಲ್ಲು ಕಾಣಿಸಿತು.

ಅಷ್ಟಾದರೂ ಕಾಳೆಲ್ಲ ಬಂತೆಂದು ಅವಳಿಗೆ ನಂಬಿಕೆ ಬರಲಿಲ್ಲ. ಅಡಿಗೆಮನೆಯ ಹಿಟ್ಟಿನ ಜರಡಿ ತಂದು, ಕೊರೆಯುವ ಹೊಳೆಗೆ ಮೊಣಕಾಲುದ್ದ ಇಳಿದು, ದಂಡೆಯಿಂದ ಇಳಿಯುವ ನೀರಿಗೆ ಒಡ್ಡಿದಳು. ಕಾಲು ಮರಗಟ್ಟುವ ತನಕ ಹಾಗೇ ನಿಂತಳು.

ಜರಡಿಯಲ್ಲಿ ಮೂರೇ ಕಾಳು ಇದ್ದವು. ಒಂದೊಂದಾಗಿ ಹೆಕ್ಕಿ ಜೇಬಿಗೆ ಹಾಕಿಕೊಂಡು, ಜರಡಿಯನ್ನು ಮತ್ತೆ ನೀರಿಗೆ ಒಡ್ಡಿದಳು.